ಲೈಂಗಿಕ ಆಯ್ಕೆ ಮತ್ತು ಮಾನವ ಸೌಂದರ್ಯ

ನವಿಲಿನ ನೀಳ ಗರಿ ಬದುಕಿನ ಹೋರಾಟದಲ್ಲಿ ಅದಕ್ಕೆ ಹೊರೆಯೇ. ಹೆಣ್ಣಿನ ಮೆಚ್ಚುಗೆಯೇ ಅದನ್ನು ತಲೆಮಾರುಗಳುದ್ದಕ್ಕೂ ಬೆಳೆಸಿತೆಂದು 1871ರಲ್ಲಿ ಡಾರ್ವಿನ್ ವಾದಿಸಿದನು. ಇದೇ ಲೈಂಗಿಕ ಆಯ್ಕೆ. ಮನುಷ್ಯರಲ್ಲಿ ಮಾತ್ರ ಆರಿಸುವ ಅಧಿಕಾರ ಬಹುಮಟ್ಟಿಗೆ ಗಂಡಿನ ಕೈಸೇರಿತೆಂದೂ, ಚೆಲುವಿನ ಮಾನದಂಡ ಜನಾಂಗದಿಂದ ಜನಾಂಗಕ್ಕೆ ಬೇರೆಯೆಂದೂ ಅವನ ಅಭಿಪ್ರಾಯ.

ಮನೋವಿಜ್ಞಾನಿ ಡೇವಿಡ್ ಬಸ್ 1989ರಲ್ಲಿ ಪ್ರಕಟಿಸಿದ, ಭಾರತವೂ ಸೇರಿದಂತೆ 37 ಸಂಸ್ಕೃತಿಗಳ ಸಮೀಕ್ಷೆಯಲ್ಲಿ ಗಂಡಸರು ಹೆಂಗಸರಿಗಿಂತ ರೂಪಕ್ಕೆ ಹೆಚ್ಚು ಬೆಲೆ ಕೊಟ್ಟರು. ಪದೇಪದೇ ಉಲ್ಲೇಖಗೊಳ್ಳುವುದು ಇಷ್ಟೇ. ಆದರೆ ಇಬ್ಬರೂ ರೂಪಕ್ಕಿಂತ ಮೇಲೆ ಇರಿಸಿದ್ದು ದಯೆ ಹಾಗೂ ಬುದ್ಧಿಯನ್ನು ಎಂಬ ಮಾತೂ ಅದೇ ಲೇಖನದಲ್ಲಿದೆ! ಮೇಲಾಗಿ, ಸಮೀಕ್ಷೆ ಅಳೆದದ್ದು ಅಪೇಕ್ಷೆಯನ್ನು. ಹಿರಿಯರೇ ಜಾತಿ, ಜಾತಕ ನೋಡಿ ಸಂಬಂಧ ಕುದುರಿಸುವಲ್ಲಿ ವಧೂವರರ ಅಪೇಕ್ಷೆ ಎಷ್ಟರಮಟ್ಟಿಗೆ ಆಯ್ಕೆಯಾಗಿ ಫಲಿಸುತ್ತದೆಂಬುದನ್ನು ಅದರಿಂದ ಅರಿಯಲಾಗದು.