ಇಪ್ಪತ್ತೈದು ಡಾಲರಿನ ಕಾಗದ

ಪ್ರಶ್ನೆ: ನನ್ನ ಮಗಳು ಅಮೆರಿಕದ ಒಂದು ಸಣ್ಣ ಕಾಲೇಜಿನಲ್ಲಿ ಓದಿ ಈಗ ಅಲ್ಲೇ ಕೆಲಸದಲ್ಲಿದ್ದಾಳೆ. ‘ಇಪ್ಪತ್ತೈದು ಡಾಲರ್ ಆದರೂ ಸರಿ, ಕೊಡಿ’ ಎಂದು ಪ್ರತಿವರ್ಷ ಕಾಲೇಜಿನಿಂದ ಕಾಗದ ಬರುತ್ತದೆ. ಕೊಟ್ಟವರ ಹೆಸರನ್ನು ಅಚ್ಚು ಹಾಕಿಸುತ್ತಾರಂತೆ. ಕೋಟಿಗಟ್ಟಲೆ ದತ್ತಿನಿಧಿ ಇರುವ ಕಾಲೇಜಿಗೆ ಈ ಚಿಲ್ಲರೆ ಯಾಕೆ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತೇವೆ, ಹೆಸರು ಯಾಕೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಕ್ಕೆ ನೀವು ಹೋಗಿರಬಹುದು. ಯಾರೋ ತಂದೆತಾಯಿಯ ನೆನಪಿಗೆ ಇಟ್ಟ ಹಣ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಉಪನ್ಯಾಸವೇ ನಡೆಯಬೇಕು. ಸಭಾಂಗಣದ ಸೂರು ಸೋರಿದರೂ ಆ ದುಡ್ಡು ತೆಗೆದು ಹೆಂಚು ಹೊದಿಸುವ ಹಾಗಿಲ್ಲ. ಅಮೆರಿಕದ ಕಾಲೇಜುಗಳ ದತ್ತಿನಿಧಿಯೂ ಬಹುಮಟ್ಟಿಗೆ ಹೀಗೆಯೇ. ಇದು ಪ್ರಾಧ್ಯಾಪಕರ ಸಂಬಳಕ್ಕೆ, ಇದು ವಿದ್ಯಾರ್ಥಿವೇತನಕ್ಕೆ ಎಂದು ಕೊಟ್ಟವರೇ ಬರೆದಿಟ್ಟಿರುತ್ತಾರೆ. ಒಟ್ಟು ನಿಧಿಯಿಂದ ವರ್ಷಕ್ಕೆ ತೆಗೆಯುವುದೂ ಸಾಮಾನ್ಯವಾಗಿ ನೂರಕ್ಕೆ ನಾಲ್ಕೈದರಷ್ಟು ಮಾತ್ರ.

ಹಾಸ್ಟೆಲಿನ ಬಾಯ್ಲರ್ ಚಳಿಗಾಲದಲ್ಲಿ ಕೆಟ್ಟರೆ? ತಂದೆ ತೀರಿಕೊಂಡ ಹುಡುಗಿಗೆ ಊರಿಗೆ ಹೋಗಲು ಟಿಕೆಟ್ ಬೇಕಾದರೆ? ಅಂಥ ಹೊತ್ತಿಗೆ ಷರತ್ತಿಲ್ಲದ ಹಣ ಬೇಕು. ವಾರ್ಷಿಕ ದೇಣಿಗೆ ಎಂದರೆ ಅದೇ. ಸಾವಿರ ಮಂದಿ ತಲಾ 50 ಡಾಲರ್ ಕೊಟ್ಟರೆ 50 ಸಾವಿರವಾಯಿತು. ಅಷ್ಟೇ ಮೊತ್ತ ನೂರಕ್ಕೆ 5ರ ಲೆಕ್ಕದಲ್ಲಿ ದತ್ತಿಯಿಂದ ಬರಬೇಕಾದರೆ 10 ಲಕ್ಷ ಡಾಲರ್ ಅಸಲು ಇರಬೇಕು. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಇಲ್ಲಿ ಬರೀ ಗಾದೆಯಲ್ಲ, ಲೆಕ್ಕಪತ್ರ.

ವರ್ಜೀನಿಯಾದ ಸ್ವೀಟ್ ಬ್ರಯರ್ ಕಾಲೇಜಿನ ಕಥೆ ಕೇಳಿ. ಹದಿನಾರರ ಹರೆಯದಲ್ಲಿ ತೀರಿಕೊಂಡ ಮಗಳು ಡೇಸಿಯ ನೆನಪಿಗೆ ಇಂಡಿಯಾನಾ ಫ್ಲೆಚರ್ ವಿಲಿಯಮ್ಸ್ ಎಂಬ ತಾಯಿ ತನ್ನ ಜಮೀನನ್ನು ಉಯಿಲು ಬರೆದಿಟ್ಟಳು. 1901ರಲ್ಲಿ ಅಲ್ಲಿ ಹೆಣ್ಣುಮಕ್ಕಳ ಕಾಲೇಜು ಹುಟ್ಟಿತು. 2015ರ ಮಾರ್ಚ್‌ನಲ್ಲಿ ಆಡಳಿತ ಮಂಡಳಿ ಕಾಲೇಜು ಮುಚ್ಚುತ್ತೇವೆಂದು ಸಾರಿತು. ನಿಧಿಯಲ್ಲಿ ಎಂಟು ಕೋಟಿ ಡಾಲರಿಗೂ ಮಿಕ್ಕಿ ಹಣವಿತ್ತು, ಆದರೆ ಅದರಲ್ಲಿ ಬಹಳಷ್ಟಕ್ಕೆ ಷರತ್ತಿನ ಬೀಗ. ಹಳೆಯ ವಿದ್ಯಾರ್ಥಿನಿಯರು ಸುಮ್ಮನೆ ಕೂರಲಿಲ್ಲ, ಹಣ ಕೂಡಿಸಲು ಹೊರಟರು. ಆ ತಾಯಿಯ ಉಯಿಲನ್ನೇ ಮುಂದಿಟ್ಟು ಕೌಂಟಿಯ ಸರ್ಕಾರಿ ವಕೀಲರು ಕೋರ್ಟಿಗೆ ಹೋದರು. ಜೂನ್‌ನಲ್ಲಿ ರಾಜಿಯಾಯಿತು: ವಿದ್ಯಾರ್ಥಿನಿಯರ ಕಡೆಯಿಂದ 1 ಕೋಟಿ 20 ಲಕ್ಷ ಡಾಲರ್, ನಿಧಿಯಲ್ಲಿ 1 ಕೋಟಿ 60 ಲಕ್ಷಕ್ಕೆ ಷರತ್ತಿನ ಸಡಿಲಿಕೆ. ಕಾಲೇಜು ಉಳಿಯಿತು.

ಈಗ ಹೆಸರಿನ ಮಾತು. ನಾನು ಓದಿದ ಶಾಲೆಯಲ್ಲಿ ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು ಬರೆದಿತ್ತು. ಫ್ಯಾನು ತಿರುಗುವಾಗ ಅದು ಕಾಣುತ್ತಿರಲಿಲ್ಲ. ಕರೆಂಟು ಹೋಗಿ ರೆಕ್ಕೆ ನಿಂತಾಗ ನಾವು ತಲೆಯೆತ್ತಿ ಓದುತ್ತಿದ್ದೆವು. ಸ್ವೀಟ್ ಬ್ರಯರ್‌ನಲ್ಲೂ ಆದದ್ದು ಇದೇ. ಕಾಲೇಜು ನಿಲ್ಲುವ ಹೊತ್ತಿಗೆ ಎಲ್ಲರೂ ಕೊಟ್ಟವಳ ಹೆಸರನ್ನೂ ಉದ್ದೇಶವನ್ನೂ ಮತ್ತೆ ಓದಿದರು. ನಮ್ಮ ದಾನಶಾಸನಗಳೂ ಯಾರು, ಎಷ್ಟು, ಯಾತಕ್ಕೆ ಕೊಟ್ಟರೆಂದು ಕಲ್ಲಿನಲ್ಲಿ ಕೆತ್ತಿ, ಅಳಿಪಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂದು ಶಾಪ ಹಾಕುತ್ತಿದ್ದವು. ಆ ಕೆತ್ತನೆ ಕೊಟ್ಟವನ ಹೊಗಳಿಕೆಗಿಂತ ಹೆಚ್ಚಾಗಿ ಪಡೆದವನಿಗೆ ಹಾಕಿದ ಕಟ್ಟು.

ಮೊತ್ತದ ಮೇಲೆ ಮೆಟ್ಟಿಲು ಕಟ್ಟಿ, ದೊಡ್ಡ ಗಂಟು ಕೊಟ್ಟವರನ್ನು ಮೇಲೆ ಕೂರಿಸುವ ಪಟ್ಟಿಗಳು ಅಲ್ಲಿ ಬೇಕಾದಷ್ಟಿವೆ. ನನಗೆ ಹಿಡಿಸುವುದು ಇನ್ನೊಂದು ಬಗೆ: ಎಷ್ಟು ಕೊಟ್ಟಿರಿ ಎಂದು ನೋಡದೆ ಎಷ್ಟು ವರ್ಷ ಬಿಡದೆ ಕೊಟ್ಟಿರಿ ಎಂದು ಎಣಿಸುವ ಗೌರವ. ಅಲ್ಲಿ ಲೈಬ್ರರಿಯ ಗುಮಾಸ್ತೆಯೂ ಬ್ಯಾಂಕಿನ ಒಡೆಯನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹಳೆಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಷ್ಟು ಮಂದಿ ಕೊಡುತ್ತಾರೆ ಎಂಬುದನ್ನು ಯು.ಎಸ್. ನ್ಯೂಸ್ ಪತ್ರಿಕೆ ಬಹುಕಾಲ ಕಾಲೇಜುಗಳ ಶ್ರೇಯಾಂಕಕ್ಕೂ ಲೆಕ್ಕ ಹಿಡಿಯುತ್ತಿತ್ತು; 2023ರಲ್ಲಿ ಅದನ್ನು ಕೈಬಿಟ್ಟಿತು. ಶ್ರೇಯಾಂಕದ ಆಸೆ ಹೋದ ಮೇಲೂ ಕಾಗದ ಬರುತ್ತಿದೆ ಎಂದರೆ, ಬೇಕಾಗಿಯೇ ಬರುತ್ತಿದೆ.

ಮಗಳಿಗೆ ಹೇಳಿ: ಕೈಲಾದಷ್ಟು, ಷರತ್ತಿಲ್ಲದೆ, ವರ್ಷ ತಪ್ಪಿಸದೆ ಕೊಡಲಿ. ಹೆಸರು ಬೇಡವೆಂದರೆ ಕಾಲೇಜಿಗೆ ತಿಳಿಸಿದರೆ ಸಾಕು. ಆದರೆ ಹಾಕಿದರೆ ಸಂಕೋಚ ಬೇಡ. ಆ ಪಟ್ಟಿಯಲ್ಲಿ ಶಿವಮೊಗ್ಗದ ಹೆಸರೊಂದಿದ್ದರೆ, ನಾಳೆ ಆ ಕಾಲೇಜು ದಾರಿ ತಪ್ಪಿದಾಗ ‘ಇದು ನನ್ನದೂ ಹೌದು’ ಎಂದು ಕೇಳುವ ಹಕ್ಕು ಅವಳಿಗೂ ಇರುತ್ತದೆ.