ತಿಳಿದದ್ದನ್ನು ತಿರುಗಿ ಹೇಳೋಣ

ನಾವು ಹಿಪ್ಪರಗಿಯಲ್ಲಿ ಸಂಜೆ ಕಲಿಕೆ ನಡೆಸುತ್ತೇವೆ. ಇದು ಕೃಷ್ಣಾ ಹೊಳೆಯ ದಂಡೆಯ ಊರು. ಮಳೆಗಾಲದಲ್ಲಿ ಹೊಳೆಗೆ ಹೊಸ ನೀರು ಬರುತ್ತದೆ. ಕುಡಿಯುವ ನೀರು ಕೆಟ್ಟರೆ ಕೂಸುಗಳಿಗೆ ಭೇದಿ ಹತ್ತುತ್ತದೆ.

ನಮ್ಮ ಕಲಿಕೆಗೆ ಬರುವ ಒಬ್ಬ ತಾಯಿ ತಮ್ಮ ಅನುಭವ ಹೇಳಿದರು. ಕೇಳಿ.

ಅವರ ಕೂಸಿಗೆ ಭೇದಿ ಹತ್ತಿತ್ತು. ದವಾಖಾನೆಯಲ್ಲಿ ನರ್ಸಬಾಯಿ ಓ.ಆರ್.ಎಸ್. ಪಾಕೀಟು ಕೊಟ್ಟರು.

“ಇದನ್ನ ನೀರಾಗ ಕಲಸಿ ಕುಡಸ್ರಿ. ಗೊತ್ತಾತಿಲ್ಲೋ?”

“ಹೂನ್ರಿ ಬಾಯಾರ, ಗೊತ್ತಾತು.”

ನಿಜವಾಗಿ ಗೊತ್ತಾಗಿರಲಿಲ್ಲ. ಎಷ್ಟು ನೀರು? ಕೇಳಲು ಸಂಕೋಚ. ಹಿಂದೆ ಜನ ಪಾಳಿ ಹಚ್ಚಿದ್ದರು.

ಮನೆಗೆ ಬಂದು ಒಂದು ಲೋಟ ನೀರಿಗೆ ಇಡೀ ಪಾಕೀಟು ಸುರಿದರು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗುತ್ತದೆ. ಅದು ಕೂಸಿನ ಜೀವಕ್ಕೇ ಅಪಾಯ. ಪುಣ್ಯಕ್ಕೆ ಕುಡಿಸುವ ಮೊದಲೇ ಇನ್ನೊಬ್ಬ ನರ್ಸಬಾಯಿ ಮನೆಗೆ ಬಂದರು. ಲೋಟ ನೋಡಿದರು. ಸಿಟ್ಟು ಮಾಡಲಿಲ್ಲ.

“ತಪ್ಪು ನಿನ್ನದಲ್ಲ, ತಂಗಿ. ನಾವು ಕಲಸಿ ತೋರಸಬೇಕಿತ್ತು. ನಿಮ್ಮ ಮನಿ ತಂಬಿಗಿ ತಾ” ಅಂದರು.

ಲೀಟರ್ ಬಾಟಲಿಯಿಂದ ತಂಬಿಗೆಯನ್ನು ಅಳೆದರು. ಕಾಸಿ ಆರಿಸಿದ 1 ಲೀಟರ್ ನೀರಿಗೆ ಹೊಸ ಪಾಕೀಟು ಕಲಸಿದರು. ಆಮೇಲೆ “ಗೊತ್ತಾತೇನು?” ಅಂತ ಕೇಳಲಿಲ್ಲ.

“ನಾಳೆ ನಾ ಇರೂದಿಲ್ಲ. ಹೆಂಗ ಮಾಡ್ತಿ, ಹೇಳು ನೋಡೂಣು” ಅಂದರು.

“ಒಂದ ಪಾಕೀಟು, ಒಂದ ಲೀಟರ್ ನೀರು. ಭೇದಿ ಆದಾಗೊಮ್ಮೆ ಚಮಚದ್ಲೆ ಕುಡಸೂದು. ವಾಂತಿ ಆದ್ರ ನಿಲ್ಲಸೂದು.”

“ಒಂದ ಮಾತು ತಪ್ಪಿತು. ನಿಲ್ಲಸಬ್ಯಾಡ. ಹತ್ತು ನಿಮಿಷ ತಡದು ಮತ್ತ ಸಾವಕಾಶ ಕುಡಸು. ಎದಿಹಾಲೂ ಬಿಡಸಬ್ಯಾಡ.”

ತಾಯಿ ಮತ್ತೊಮ್ಮೆ ಹೇಳಿದರು. ಈ ಸಲ ಎಲ್ಲ ಸರಿಯಿತ್ತು. ತಿರುಗಿ ಹೇಳಿಸಿದ್ದರಿಂದಲೇ ತಪ್ಪು ಹೊರಗೆ ಬಂತು.

ನಮ್ಮ ಕಲಿಕೆಯಲ್ಲೂ ಹೀಗೇ. “ತಿಳೀತೇನು?” ಅಂದರೆ ಎಲ್ಲರೂ ಹೂಂ ಅನ್ನುತ್ತೀರಿ. ಪಾಟಿಯ ಮೇಲೆ ಬರೆಸಿದಾಗ ನಿಜ ತಿಳಿಯುತ್ತದೆ.

ನಮ್ಮ ನೆರೆಯ ದೇಶ ಬಾಂಗ್ಲಾದಲ್ಲಿ ಇದನ್ನೇ ದೊಡ್ಡದಾಗಿ ಮಾಡಿದರು. 1980ರಿಂದ 1990ರವರೆಗೆ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು 1 ಕೋಟಿಗೂ ಹೆಚ್ಚು ಮನೆಗಳಿಗೆ ಹೋದರು. ಉಪ್ಪು, ಬೆಲ್ಲ, ನೀರು ಕಲಸುವುದನ್ನು ತಾಯಂದಿರಿಗೆ ಕಲಿಸಿದರು. ಆಮೇಲೆ ಬೇರೆಯವರು ಹೋಗಿ ತಾಯಂದಿರನ್ನು ಕೇಳುತ್ತಿದ್ದರು. ತಾಯಂದಿರಿಗೆ ಎಷ್ಟು ನೆನಪಿತ್ತೋ ಅದರ ಮೇಲೆ ಕಲಿಸಿದವರಿಗೆ ಪಗಾರ!

ಕಲಿಸುವುದು ನರ್ಸಬಾಯಿಯ ಕೆಲಸ. ಕೇಳುವುದು ನಮ್ಮ ಕೆಲಸ. ಬರೀ ಹೂಂ ಅನ್ನಬೇಡಿ. “ಬಾಯಾರ, ನನಗ ತಿಳಿದದ್ದು ಹೇಳತೇನಿ. ತಪ್ಪಿದ್ದರ ತಿದ್ದರಿ” ಅನ್ನಿ. ಇದರಲ್ಲಿ ನಾಚಿಕೆ ಇಲ್ಲ.

ನೆನಪಿಡಿ

1. ಪಾಕೀಟಿನ ಮೇಲೆ ನೀರಿನ ಅಳತೆ ಇರುತ್ತದೆ. ದೊಡ್ಡದಕ್ಕೆ 1 ಲೀಟರ್. ಸಣ್ಣದಕ್ಕೆ 200 ಮಿ.ಲೀ. ಈಗ ನಿಮಗೆ ಅಂಕಿ ಬರುತ್ತದೆ. ಓದಿ ನೋಡಿ.
2. ಕಲಸಿದ ನೀರನ್ನು 24 ತಾಸಿನ ಮೇಲೆ ಇಡಬೇಡಿ. ಚೆಲ್ಲಿ ಹೊಸದು ಮಾಡಿ.
3. ಜಿಂಕ್ ಗುಳಿಗೆ ಕೊಟ್ಟರೆ ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ.
4. ಕೂಸು ಮಂಕಾದರೆ, ಕಣ್ಣು ಒಳಗೆ ಹೋದರೆ, ಏನೂ ಕುಡಿಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡ ಮಾಡಬೇಡಿ. ದವಾಖಾನೆಗೆ ಹೋಗಿ.

ಅಭ್ಯಾಸ

1. ಎರಡನೆಯ ನರ್ಸಬಾಯಿ ಏನು ಬೇರೆ ಮಾಡಿದರು?
2. ನಿಮ್ಮ ಮನೆಯ ತಂಬಿಗೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ? ಅಳೆದು ಬರೆಯಿರಿ.
3. ಈ ಪಾಠವನ್ನು ನೆರೆಮನೆಯವರಿಗೆ ಹೇಳಿ. ಅವರಿಂದ ತಿರುಗಿ ಹೇಳಿಸಿ.