ಒಂದೇ ಗಣಕಯಂತ್ರದಲ್ಲಿ ಎರಡು ಕಾರ್ಯಾಚರಣಾ ವ್ಯವಸ್ಥೆ: ವರ್ತಕರು ಅನುಸರಿಸಬೇಕಾದ ಕ್ರಮ

ಹೊಸಪೇಟೆಯ ದಲ್ಲಾಳಿ ಮಂಡಿ, ಕಂಪ್ಲಿಯ ಅಕ್ಕಿ ಗಿರಣಿ, ಸಂಡೂರಿನ ಅದಿರು ಸಾಗಣೆ ಕಚೇರಿ, ಹಂಪಿಯ ವಸತಿಗೃಹ – ಇವುಗಳ ವ್ಯವಹಾರ ಬೇರೆ ಬೇರೆಯಾದರೂ ಲೆಕ್ಕಪತ್ರಗಳು ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ಇರುತ್ತವೆ. ಇಂತಹ ಕಚೇರಿಗಳ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ವಿಂಡೋಸ್ 10. ಇದಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಉಚಿತ ಭದ್ರತಾ ಪರಿಷ್ಕರಣೆ 2025ರ ಅಕ್ಟೋಬರ್ 14ರಂದು ಮುಕ್ತಾಯವಾಯಿತು. ವಿಸ್ತೃತ ಭದ್ರತಾ ಯೋಜನೆಗೆ ಪ್ರತ್ಯೇಕವಾಗಿ ಸೇರದ ಯಂತ್ರಗಳಲ್ಲಿ ಆ ನಂತರ ಪತ್ತೆಯಾದ ದೋಷಗಳು ಹಾಗೆಯೇ ಉಳಿದಿರುತ್ತವೆ. ವಿಂಡೋಸ್ 11 ಹಾಕೋಣವೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗವೂ ನಿಗದಿತ ಹೊಸ ಪ್ರೊಸೆಸರ್‌ಗಳೂ ಬೇಕು. ಹೊಸ ಯಂತ್ರ ಕೊಳ್ಳುವ ಮುನ್ನ ಪರಿಶೀಲಿಸಬಹುದಾದ ಮಾರ್ಗವೇ ದ್ವಿ-ವ್ಯವಸ್ಥೆ, ಅರ್ಥಾತ್ ಡ್ಯುಯಲ್ ಬೂಟ್.

ದ್ವಿ-ವ್ಯವಸ್ಥೆ ಎಂದರೇನು?

ಒಂದು ಮಳಿಗೆಯ ನಡುವೆ ಗೋಡೆ ಕಟ್ಟಿ ಎರಡು ಅಂಗಡಿಗಳನ್ನಾಗಿ ಮಾಡಿದಂತೆ, ಒಂದೇ ಹಾರ್ಡ್‌ಡಿಸ್ಕನ್ನು ವಿಭಾಗಿಸಿ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನು ಸ್ಥಾಪಿಸುವುದು. ಯಂತ್ರ ಚಾಲೂ ಮಾಡಿದಾಗ ಯಾವುದು ಬೇಕೆಂಬ ಪಟ್ಟಿ ಬರುತ್ತದೆ. ಒಂದು ವೇಳೆಗೆ ಒಂದು ಮಾತ್ರ ನಡೆಯುತ್ತದೆ. ಎರಡನೆಯ ವ್ಯವಸ್ಥೆಯಾಗಿ ಉಚಿತವಾಗಿ ದೊರೆಯುವ ಲಿನಕ್ಸ್ ಸೂಕ್ತ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶ ನಮಗೆ ತೀರಾ ಅಪರಿಚಿತವೇನಲ್ಲ; ಕೇರಳದ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣ ನಡೆಯುವುದು ಲಿನಕ್ಸ್ ಮೇಲೆಯೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಉಬುಂಟು 24.04ಕ್ಕೆ ಐದು ವರ್ಷಗಳ ಉಚಿತ ಪರಿಷ್ಕರಣೆಯ ಭರವಸೆಯಿದೆ. ಸ್ಮರಣಕೋಶ 4 ಜಿ.ಬಿ.ಯಷ್ಟೇ ಇದ್ದರೆ ಕ್ಸುಬುಂಟುವಿನಂತಹ ಹಗುರವಾದ ಆವೃತ್ತಿ ಲೇಸು.

ಯಾವ ಕೆಲಸ ಎಲ್ಲಿ?

ಟ್ಯಾಲಿ ತಂತ್ರಾಂಶ ಸಿದ್ಧವಾಗಿರುವುದು ವಿಂಡೋಸ್‌ಗಾಗಿ. ಆದ್ದರಿಂದ ಖಾತೆ ಬರೆಯುವ ಕೆಲಸ ವಿಂಡೋಸ್‌ನಲ್ಲಿಯೇ ಮುಂದುವರಿಯಲಿ. ಆದರೆ ಆ ಭಾಗಕ್ಕೆ ಅಂತರಜಾಲ ಸಂಪರ್ಕ ಬೇಡ. ಮಿಂಚಂಚೆ, ಬ್ಯಾಂಕ್ ವ್ಯವಹಾರ, ವಸತಿಗೃಹದ ಕಾಯ್ದಿರಿಸುವಿಕೆ, ಜಿ.ಎಸ್.ಟಿ. ಜಾಲತಾಣ ಇವೆಲ್ಲ ಲಿನಕ್ಸ್‌ನಲ್ಲಿ ನಡೆಯಲಿ. ಟ್ಯಾಲಿಯಿಂದ ವಿವರಣಾ ಪಟ್ಟಿಯ ಕಡತವನ್ನು ಒಂದು ಪ್ರತ್ಯೇಕ ಫೋಲ್ಡರಿಗೆ ತೆಗೆದಿರಿಸಿ, ಲಿನಕ್ಸ್‌ಗೆ ಬಂದು ಅಲ್ಲಿಂದ ಜಾಲತಾಣಕ್ಕೆ ಏರಿಸಬಹುದು. ಲಿನಕ್ಸ್ ವಿಂಡೋಸ್‌ನ ಕಡತಗಳನ್ನು ಓದಬಲ್ಲದು. ವಿಂಡೋಸ್ ತಾನಾಗಿ ಲಿನಕ್ಸ್‌ನ ಭಾಗವನ್ನು ಓದಲಾರದು. ಟ್ಯಾಲಿಯ ದತ್ತಾಂಶ ಫೋಲ್ಡರನ್ನು ಮಾತ್ರ ಲಿನಕ್ಸ್‌ನಿಂದ ಮುಟ್ಟತಕ್ಕದ್ದಲ್ಲ.

ಇಲ್ಲೊಂದು ಮಿತಿಯಿದೆ. ಏಕಮಾಲೀಕತ್ವದ ವರ್ತಕರು ಮೊಬೈಲಿಗೆ ಬರುವ ಸಂಕೇತ ಸಂಖ್ಯೆಯಿಂದ ಜಿ.ಎಸ್.ಟಿ. ವಿವರಣಾ ಪಟ್ಟಿಯನ್ನು ದೃಢೀಕರಿಸಬಹುದು. ಕಂಪನಿ ಹಾಗೂ ಎಲ್.ಎಲ್.ಪಿ.ಗಳಿಗೆ ಡಿಜಿಟಲ್ ಸಹಿ ಕಡ್ಡಾಯ. ಸಹಿಯ ಟೋಕನ್ ಲಿನಕ್ಸ್‌ನಲ್ಲಿ ಕೆಲಸ ಮಾಡುವುದೇ ಎಂಬುದನ್ನು ಮೊದಲೇ ಪರೀಕ್ಷಿಸಬೇಕು. ಮಾಡದಿದ್ದರೆ ಅಂತಹ ಸಂಸ್ಥೆಗೆ ಭದ್ರತಾ ಪರಿಷ್ಕರಣೆಯುಳ್ಳ ವಿಂಡೋಸ್ ಯಂತ್ರ ಒಂದಾದರೂ ಅನಿವಾರ್ಯ.

ಸ್ಥಾಪನೆಯ ಹಂತಗಳು

1. ದಿನದ ಆಯ್ಕೆ: ಮಾಸಿಕ ಜಿ.ಎಸ್.ಟಿ.ಆರ್.-3ಬಿ ಸಲ್ಲಿಕೆಯ 20ನೆಯ ತಾರೀಖು, ತ್ರೈಮಾಸಿಕವಾದರೆ 22ನೆಯ ತಾರೀಖು ಕಳೆದ ನಂತರದ ರಜಾದಿನ ಉತ್ತಮ. ಮಾರ್ಚ್ ಕೊನೆಯ ವಾರ ಸರ್ವಥಾ ಬೇಡ.

2. ಪ್ರತಿ: ಟ್ಯಾಲಿ ದತ್ತಾಂಶದ ಎರಡು ಪ್ರತಿಗಳನ್ನು ಎರಡು ಬೇರೆ ಸಾಧನಗಳಲ್ಲಿ ತೆಗೆಯಬೇಕು. ಅವುಗಳಲ್ಲಿ ಒಂದನ್ನು ಇನ್ನೊಂದು ಯಂತ್ರದಲ್ಲಿ ತೆರೆದು, ತಾಳೆಪಟ್ಟಿಯ ಮೊತ್ತ ಮೂಲಕ್ಕೆ ಸರಿಹೊಂದುವುದೇ ನೋಡಬೇಕು. ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲ. ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನಂತೆ ವಾರ್ಷಿಕ ವಿವರಣಾ ಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿರಿಸಬೇಕು; ಡಿಸ್ಕ್ ಅಳಿಸಿಹೋಯಿತೆಂದು ಈ ಹೊಣೆ ತಪ್ಪುವುದಿಲ್ಲ.

3. ವಿಂಡೋಸ್‌ನ ಸಿದ್ಧತೆ: 'ಫಾಸ್ಟ್ ಸ್ಟಾರ್ಟಪ್' ನಿಲ್ಲಿಸಬೇಕು. ಅದು ಚಾಲೂ ಇದ್ದರೆ ಯಂತ್ರ ಆರಿಸಿದರೂ ವಿಂಡೋಸ್ ಪೂರ್ಣವಾಗಿ ಮುಚ್ಚಿರುವುದಿಲ್ಲ. ಆಗ ಲಿನಕ್ಸ್‌ನಿಂದ ಬರೆದರೆ ಕಡತ ಕೆಡುವ ಅಪಾಯವುಂಟು. 'ಬಿಟ್‌ಲಾಕರ್' ಇದ್ದರೆ ಅದರ ಪುನಃಪ್ರಾಪ್ತಿ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟು, ನಂತರ ಅದನ್ನು ತೆಗೆಯಬೇಕು.

4. ಸ್ಥಳಾವಕಾಶ: 'ಡಿಸ್ಕ್ ಮ್ಯಾನೇಜ್‌ಮೆಂಟ್'ನ 'ಶ್ರಿಂಕ್ ವಾಲ್ಯೂಮ್' ಮೂಲಕ ಸುಮಾರು 60 ಜಿ.ಬಿ. ಬಿಡಿಸಿಕೊಳ್ಳಬೇಕು. ನಡುವೆ ವಿದ್ಯುತ್ ಹೋದರೆ ಹಾನಿ ನಿಶ್ಚಿತವೆಂದೇ ಭಾವಿಸಿ, ಯು.ಪಿ.ಎಸ್. ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

5. ಪರೀಕ್ಷೆ: 16 ಜಿ.ಬಿ. ಪೆನ್‌ಡ್ರೈವ್‌ಗೆ ರೂಫಸ್ ತಂತ್ರಾಂಶದಿಂದ ಉಬುಂಟುವನ್ನು ಇಳಿಸಿ, ಅದರಿಂದಲೇ ಯಂತ್ರ ಚಾಲೂ ಮಾಡಬೇಕು. ಸ್ಥಾಪಿಸುವ ಮುನ್ನ ಮುದ್ರಕ, ವೈಫೈ, ಸಹಿಯ ಟೋಕನ್ ಇವನ್ನು ಪರೀಕ್ಷಿಸಬಹುದು. ಈ ಹಂತದಲ್ಲಿ ಹಿಂದೆಗೆದರೂ ನಷ್ಟವಿಲ್ಲ.

6. ಸ್ಥಾಪನೆ: ವಿಂಡೋಸ್ 'ಜೊತೆಯಲ್ಲಿ' ಸ್ಥಾಪಿಸುವ ಆಯ್ಕೆಯನ್ನೇ ಒತ್ತಬೇಕು. 'ಇರೇಸ್ ಡಿಸ್ಕ್' ಎಂಬುದನ್ನು ಒತ್ತಿದರೆ ಖಾತೆಗಳ ಸಮೇತ ಎಲ್ಲವೂ ಅಳಿದುಹೋಗುತ್ತದೆ.

ಗಡಿಯಾರದ ತೊಡಕು

ವಿಂಡೋಸ್ ಯಂತ್ರದ ಗಡಿಯಾರವನ್ನು ಸ್ಥಳೀಯ ಕಾಲವೆಂದು ಓದುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅದನ್ನು ಜಾಗತಿಕ ಕಾಲವೆಂದು ಭಾವಿಸುತ್ತದೆ. ಹೀಗಾಗಿ ಲಿನಕ್ಸ್ ಬಳಸಿದ ನಂತರ ವಿಂಡೋಸ್ 5 ಗಂಟೆ 30 ನಿಮಿಷ ಹಿಂದಿನ ಸಮಯ ತೋರಿಸಬಹುದು. ಅಂತರಜಾಲವಿಲ್ಲದಿದ್ದರೆ ಅದು ತಾನಾಗಿ ಸರಿಹೋಗದು. ನಸುಕಿನ 4 ಗಂಟೆಗೆ ಕಂಪ್ಲಿಯ ಗಿರಣಿಯಿಂದ ಲಾರಿ ಹೊರಡುವಾಗ ಯಂತ್ರದಲ್ಲಿ ಹಿಂದಿನ ದಿನದ ರಾತ್ರಿ ಹತ್ತೂವರೆ! ಯಂತ್ರದ ದಿನಾಂಕವನ್ನೇ ನಂಬಿದರೆ ಬಿಲ್ಲಿನ ದಿನಾಂಕವೇ ತಪ್ಪುತ್ತದೆ. ತಿಂಗಳ ಮೊದಲ ದಿನವಾದರೆ ತೆರಿಗೆಯ ತಿಂಗಳೂ ತಪ್ಪುತ್ತದೆ. ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದರಿಂದ ಈ ತಪ್ಪು ಲೆಕ್ಕಪರಿಶೋಧನೆಯಲ್ಲಿಯೂ ಎದುರಾಗುತ್ತದೆ. ಲಿನಕ್ಸ್‌ನ ಟರ್ಮಿನಲ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ ಕೊಟ್ಟರೆ ತೊಡಕು ನಿವಾರಣೆಯಾಗುತ್ತದೆ.

ಕನ್ನಡದ ಅನುಕೂಲ

ನುಡಿ ಬಳಸಿದವರಿಗೆ ಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸವು ಉಬುಂಟುವಿನಲ್ಲಿ ಅಡಕವಾಗಿಯೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಸಾಕು. ಯುನಿಕೋಡ್ ಪೂರ್ವದ ನುಡಿ ಕಡತಗಳನ್ನು ಮಾತ್ರ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಕೊನೆಯದಾಗಿ, ದ್ವಿ-ವ್ಯವಸ್ಥೆಯು ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಅಂತರಜಾಲವಿಲ್ಲದ ವಿಂಡೋಸ್‌ಗೂ ಕಂಡವರ ಪೆನ್‌ಡ್ರೈವ್‌ನಿಂದ ವೈರಸ್ ಬರಬಹುದು. ಡಿಸ್ಕ್ ಕೆಟ್ಟರೆ ಎರಡೂ ವ್ಯವಸ್ಥೆಗಳು ಒಟ್ಟಿಗೇ ಹೋಗುತ್ತವೆ. ಆದಕಾರಣ ಪ್ರತಿದಿನ ಸಂಜೆ ರೋಕಡಿ ತಾಳೆ ನೋಡುವಂತೆಯೇ, ದತ್ತಾಂಶದ ಒಂದು ಪ್ರತಿಯನ್ನು ತೆಗೆದು ಕಚೇರಿಯ ಹೊರಗಿಡುವ ಪದ್ಧತಿಯನ್ನು ವರ್ತಕ ಬಾಂಧವರು ತಪ್ಪದೆ ಪಾಲಿಸುವುದು ಒಳಿತು.